ರಕ್ತದಲ್ಲಿ ಏನೂ ಸಿಗಲಿಲ್ಲ ಅಂದ್ರೆ...

ಹೋದ ವರ್ಷ ಈರುಳ್ಳಿ ಹೊಲಕ್ಕೆ ಔಷಧಿ ಹೊಡೆದು ಬಂದ ನಮ್ಮ ಚಿಕ್ಕಪ್ಪ ಸಂಜೆ ಜಗಲಿ ಮೇಲೆ ಕುಸಿದು ಕೂತರಂತೆ. ಮೈಯೆಲ್ಲಾ ಬೆವರು, ಬಾಯಲ್ಲಿ ಜೊಲ್ಲು, ವಾಂತಿ. ಅಜ್ಜಂಪುರದ ಹತ್ತಿರದ ಹಳ್ಳಿ ನಮ್ಮದು. ಅಲ್ಲಿಂದ ಕಾರು ಹಿಡಿದು ಆಸ್ಪತ್ರೆಗೆ ಹೋದರೆ ಡಾಕ್ಟರು ಮೊದಲು ಕೇಳಿದ್ದು "ಬಾಟಲಿ ತಂದಿದ್ದೀರಾ?" ಅಂತ. ಯಾರೂ ತಂದಿರಲಿಲ್ಲ. ಟಾರ್ಚು ಬಿಟ್ಟು ಕಣ್ಣು ನೋಡಿ, ಅಂಗಿಯ ವಾಸನೆ ನೋಡಿ, ಅಟ್ರೋಪಿನ್ ಶುರು ಮಾಡಿದರು. ಚಿಕ್ಕಪ್ಪ ಉಳಿದರು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಒಂದೂವರೆ ತಿಂಗಳಾದ ಮೇಲೂ ಸುಸ್ತು ಹೋಗಲಿಲ್ಲ ಅಂತ ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟು 'ನಾರ್ಮಲ್'. ಅದನ್ನು ಹಿಡಿದುಕೊಂಡು ಔಷಧಿ ಮಾರಿದವನ ಹತ್ತಿರ ಹೋದರೆ ಅವನು ನಕ್ಕು "ನೋಡಿ, ರಕ್ತದಲ್ಲಿ ಏನೂ ಇಲ್ಲ. ಬಿಸಿಲಿಗೆ ಹಾಗಾಗಿದೆ ಅಷ್ಟೆ" ಅಂದನಂತೆ. ಚಿಕ್ಕಪ್ಪ ಅದನ್ನು ನಂಬಿಬಿಟ್ಟರು! ನಾನು ಊರಿಗೆ ಹೋದಾಗ "ಬಿಸಿಲು ಕಣೋ ಅದು" ಅಂತ ನನಗೇ ಪಾಠ ಹೇಳಿದರು.

ನಾನು ಡಾಕ್ಟರಲ್ಲ. ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿ ಪರೀಕ್ಷೆ ಮುಗಿದ ದಿನವೇ ಪುಸ್ತಕ ಮಾರಿದವನು. ಆದರೆ ಬೆಂಗಳೂರಿಗೆ ವಾಪಸ್ ಬರುವಾಗ ಕಡೂರು ದಾಟಿದರೂ ತಲೆಯಲ್ಲಿ ಒಂದೇ ಪ್ರಶ್ನೆ. 'ಏನೂ ಸಿಗಲಿಲ್ಲ' ಅನ್ನುವುದೂ 'ಏನೂ ಆಗಲಿಲ್ಲ' ಅನ್ನುವುದೂ ಒಂದೇನಾ? ಹುಡುಕುತ್ತಾ ಹೋದಾಗ ಇದೇ ಪ್ರಶ್ನೆಯನ್ನು ಒಂದು ಇಡೀ ಊರು ವರ್ಷಗಟ್ಟಲೆ ಕೇಳಿದ್ದು ಗೊತ್ತಾಯಿತು. ಆ ಊರು ಪಡ್ರೆ, ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯದ್ದು.

ಎಂಡೋಸಲ್ಫಾನ್ ಹೆಸರು ನೀವೆಲ್ಲಾ ಕೇಳಿರುತ್ತೀರಿ. ಕೇರಳದ ತೋಟಗಾರಿಕಾ ನಿಗಮದ ಗೇರು ತೋಟಗಳಿಗೆ ಚಹಾ ಸೊಳ್ಳೆ ಅನ್ನುವ ಕೀಟದ ಕಾಟ. ಅದಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ವಿಷ ಸುರಿದರು. ಬಾವಿ ಮುಚ್ಚಿಕೊಳ್ಳಿ ಅಂತ ಜನರಿಗೆ ಹೇಳುತ್ತಿದ್ದರು. ಆದರೆ ಅಲ್ಲಿ ಗುಡ್ಡ ಕೊರೆದು ನೀರು ತರುವ ಸುರಂಗಗಳಿವೆ, ತೆರೆದ ತೋಡುಗಳಿವೆ. ಅವನ್ನು ಯಾವುದರಿಂದ ಮುಚ್ಚೋದು?

1979ರಲ್ಲೇ ಪತ್ರಕರ್ತ ಶ್ರೀಪಡ್ರೆಯವರು ಅಂಗ ಊನವಾಗಿ ಹುಟ್ಟಿದ ಕರುಗಳ ಬಗ್ಗೆ ಬರೆದಿದ್ದರು. 1982ರಿಂದ ಅಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನಕುಮಾರ್ ಅವರಿಗೆ ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಮೂರ್ಛೆರೋಗ, ಹುಟ್ಟು ಅಂಗವೈಕಲ್ಯ, ಕ್ಯಾನ್ಸರ್ ಅತಿಯಾಗಿ ಕಾಣಿಸತೊಡಗಿತು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೇ ಹೋದರು. ಎಲ್ಲರಿಗೂ ಸಿಕ್ಕ ಉತ್ತರ ಒಂದೇ: "ಸಾಕ್ಷಿ ಎಲ್ಲಿ?"

ಸಾಕ್ಷಿ ಅಂದರೆ ರಕ್ತ.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಹಾಲು, ತರಕಾರಿ, ಮನುಷ್ಯರ ರಕ್ತ ಎಲ್ಲವನ್ನೂ ತನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಎಂಡೋಸಲ್ಫಾನ್ ಇದೆ ಎಂದಿತು. ನಿಗಮ ನೇಮಿಸಿದ ತಮಿಳುನಾಡಿನ ಫಿಪ್ಪಾಟ್ ಸಂಸ್ಥೆ ರಕ್ತದಲ್ಲಿ ಇಲ್ಲ ಎಂದಿತು. ಅದೇ ಊರು, ಅದೇ ವರ್ಷ, ಎರಡು ರಿಪೋರ್ಟು! ಯಾರನ್ನು ನಂಬೋದು?

ಇಲ್ಲಿ ಸ್ವಲ್ಪ ಟೆಕ್ನಿಕಲ್ ಆಗುತ್ತೇನೆ, ಕ್ಷಮಿಸಿ. ರಕ್ತದಲ್ಲಿ ಸಾವಿರಾರು ವಸ್ತುಗಳಿರುತ್ತವೆ. ಗ್ಯಾಸ್ ಕ್ರೊಮಟೋಗ್ರಾಫ್ ಅನ್ನುವ ಯಂತ್ರ ಒಂದು ಉದ್ದನೆಯ ಸಣ್ಣ ನಳಿಗೆಯಲ್ಲಿ ಅವನ್ನೆಲ್ಲಾ ಓಟಕ್ಕೆ ಬಿಡುತ್ತದೆ. ಒಂದೊಂದು ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ. ಕೊನೆಯಲ್ಲಿ ಕೂತಿರುವುದು ಜೇಮ್ಸ್ ಲವ್‌ಲಾಕ್ 1957ರಲ್ಲಿ ಮಾಡಿದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್. ಅದರೊಳಗೆ ಎಲೆಕ್ಟ್ರಾನುಗಳ ಒಂದು ಸಣ್ಣ ಪ್ರವಾಹ ಇರುತ್ತದೆ. ಕ್ಲೋರಿನ್ ಇರುವ ಅಣು ಬಂದರೆ ಆ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುತ್ತದೆ, ಪ್ರವಾಹ ಇಳಿಯುತ್ತದೆ. ಎಂಡೋಸಲ್ಫಾನಿನ ಒಂದು ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ, ಹಾಗಾಗಿ ನೂರು ಕೋಟಿ ಭಾಗದಲ್ಲಿ ಒಂದು ಭಾಗ ಇದ್ದರೂ ಸಿಕ್ಕಿಬೀಳುತ್ತದೆ. ತೊಂದರೆ ಏನೆಂದರೆ ಅದೇ ಹೊತ್ತಿಗೆ ಹೊರಬರುವ ಬೇರೆ ವಸ್ತುವೂ ಹಾಗೇ ಕಾಣಬಹುದು. ಅದಕ್ಕೇ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಬೇಕು. ಸ್ಯಾಂಪಲ್ ತೆಗೆದದ್ದು ಯಾವಾಗ, ಹೇಗೆ ಶುದ್ಧ ಮಾಡಿದರು, ಯಂತ್ರ ಎಷ್ಟು ಕಡಿಮೆ ಪ್ರಮಾಣದವರೆಗೆ ಕಾಣಬಲ್ಲದು, ಇದೆಲ್ಲಾ ಬರೆಯದೆ ಬರೀ 'ಇಲ್ಲ' ಅಂತ ಬರೆದ ರಿಪೋರ್ಟಿಗೆ ಅರ್ಥವೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲಾಗ್ ಅಳಿಸಿಹೋದ ಮೇಲೆ ಸರ್ವರ್ ನೋಡಿ "ಎರರ್ ಇಲ್ಲ" ಅಂದಹಾಗೆ.

ಆಗ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂತು. ಅವರು ಮಾಡಿದ್ದು ಸರಳವಾದ ಆದರೆ ಸರಿಯಾದ ಕೆಲಸ: ಹೋಲಿಕೆ. ಪಡ್ರೆಯ ವಾಣಿನಗರದ ಶಾಲೆಯ ಮಕ್ಕಳ ಜೊತೆಗೆ ಸಿಂಪಡಣೆ ಇಲ್ಲದ ಮೀಂಜದ ಮಕ್ಕಳನ್ನೂ ನೋಡಿದರು. ಗಂಡುಮಕ್ಕಳ ಮೇಲಿನ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಪಡ್ರೆಯ 117 ಹುಡುಗರು, ಹೋಲಿಕೆಗೆ 90 ಹುಡುಗರು. ಸಿಂಪಡಣೆ ನಿಂತು ಹತ್ತು ತಿಂಗಳಾಗಿದ್ದರೂ ರಕ್ತದಲ್ಲಿ ಪಡ್ರೆಯವರಿಗೆ ಸರಾಸರಿ 7.47 ಪಿಪಿಬಿ, ಮೀಂಜದವರಿಗೆ 1.37. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. ತಮ್ಮ ಅಧ್ಯಯನದಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಎಂಬ ಮಿತಿಯನ್ನೂ ಅವರು ಮುಚ್ಚಿಡಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಅದರಿಂದ.

ಇಷ್ಟಾದರೂ ಜಗಳ ನಿಲ್ಲಲಿಲ್ಲ. ಕೇಂದ್ರ ನೇಮಿಸಿದ ದುಬೆ ಸಮಿತಿ ಸಂಬಂಧವೇ ಸಾಬೀತಾಗಿಲ್ಲ ಎಂದಿತು. ಕೊನೆಗೆ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ತಡೆ ಹಾಕಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಆದೇಶ ಬಂದದ್ದು 2017ರಲ್ಲಿ. 1979ರ ಕರುಗಳಿಂದ ಲೆಕ್ಕ ಹಾಕಿದರೆ 38 ವರ್ಷ! ನಮ್ಮ ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆಯ ಗೇರು ತೋಟಗಳ ಪಕ್ಕದ ಮನೆಗಳದ್ದೂ ಇದೇ ಗೋಳು.

ಈಗ ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ಅವರಿಗೆ ತಗುಲಿದ್ದು ಎಂಡೋಸಲ್ಫಾನ್ ಅಲ್ಲ. ಲಕ್ಷಣ ನೋಡಿದರೆ ಆರ್ಗನೋಫಾಸ್ಫೇಟ್ ಜಾತಿಯದ್ದು. ಅದಕ್ಕೆ ಪರೀಕ್ಷೆಯೇ ಬೇರೆ. ವಿಷವನ್ನು ಹುಡುಕುವುದಿಲ್ಲ, ವಿಷ ಹಾಳು ಮಾಡುವ ಕೋಲಿನ್‌ಎಸ್ಟರೇಸ್ ಅನ್ನುವ ಕಿಣ್ವ ಎಷ್ಟು ಉಳಿದಿದೆ ಅಂತ ನೋಡುತ್ತಾರೆ. ರಕ್ತದ ಪ್ಲಾಸ್ಮಾದಲ್ಲಿ ಅದು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಒಂದೂವರೆ ತಿಂಗಳ ಮೇಲೆ ನೋಡಿದರೆ ನಾರ್ಮಲ್ ಇರದೆ ಇನ್ನೇನು? ಇನ್ನೊಂದು ವಿಷಯ. 'ನಾರ್ಮಲ್' ಅನ್ನುವ ಅಳತೆಯೇ ಬಹಳ ಅಗಲ. ಮೊದಲು ಹೆಚ್ಚಿದ್ದವನಿಗೆ ಅರ್ಧದಷ್ಟು ಇಳಿದರೂ ರಿಪೋರ್ಟಿನಲ್ಲಿ ನಾರ್ಮಲ್ ಎಂದೇ ಬರಬಹುದು. ಔಷಧಿ ಹೊಡೆಯುವ ಮುಂಚಿನ ಅಳತೆ ಇದ್ದರೆ ಮಾತ್ರ ಹೋಲಿಸಲು ಆಗುತ್ತದೆ. ತರೀಕೆರೆ, ಕಡೂರು ಸೀಮೆಯಲ್ಲಿ ಅಂಥ ಅಳತೆ ಮಾಡಿಸಿಕೊಂಡ ರೈತರನ್ನು ನಾನಂತೂ ನೋಡಿಲ್ಲ.

ಇದನ್ನೆಲ್ಲಾ ಫೋನಿನಲ್ಲಿ ಹೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾದ್ರೆ ಬಿಸಿಲಲ್ವಾ?" ಅಂದರು. "ಅಲ್ಲ ಚಿಕ್ಕಪ್ಪ" ಅಂದೆ. "ಮತ್ತೆ ಬಾಟಲಿ ಎಸೀಬಾರ್ದಿತ್ತು" ಅಂದರು.

ಊರಲ್ಲಿ ಹೊಲ ತೋಟ ಇರುವ ಗೆಳೆಯರೇ, ಮನೆಗೆ ಫೋನ್ ಮಾಡಿದಾಗ ಇದೊಂದು ಹೇಳಿ. ಯಾರಿಗಾದರೂ ಹೀಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಲಿ, ಜೊತೆಗೆ ಬಾಟಲಿ ಕೊಂಡೊಯ್ಯಲಿ. ರಕ್ತ ತೆಗೆಯೋದು ಅವತ್ತೇ ಆಗಲಿ, ತಿಂಗಳಾದ ಮೇಲಲ್ಲ. ಕಾಸರಗೋಡು, ಪುತ್ತೂರು ಕಡೆಯವರು ಯಾರಾದರೂ ಇದ್ದರೆ ನೀವು ಕಂಡದ್ದನ್ನು ಬರೆಯಿರಿ. ನಾನು ತಪ್ಪು ಬರೆದಿದ್ದರೆ ತಿದ್ದಿ.