ಸಣ್ಣಕಥೆಯಲ್ಲಿ ಮನೆ, ಮಲೆನಾಡು, ಒಂಟಿತನ

ಕನ್ನಡದ ಸಣ್ಣಕಥೆ ಮೊದಲು ಬೇರೂರಿದ್ದು ಮನೆಯಂಗಳದಲ್ಲಿ. 1920ರಲ್ಲಿ ಬಂದ ಮಾಸ್ತಿಯವರ ‘ಕೆಲವು ಸಣ್ಣ ಕತೆಗಳು’ ಸಂಕಲನದಲ್ಲಿ ಮದುವೆ, ದಾಂಪತ್ಯ, ನೆರೆಹೊರೆಯೇ ಪ್ರಪಂಚ. ಅಲ್ಲಿ ದುಃಖವಿದ್ದರೂ ಅದನ್ನು ಹಂಚಿಕೊಳ್ಳಲು ಯಾರಾದರೊಬ್ಬರು ಇರುತ್ತಾರೆ. ಕಥೆ ಹೇಳುವವನೂ ಆಪ್ತನೇ.

ಸ್ವಾತಂತ್ರ್ಯಾನಂತರದ ನವ್ಯ ಕಥೆಗಾರರಲ್ಲಿ ಈ ಭರವಸೆ ಸಡಿಲಿತು. ಯು.ಆರ್. ಅನಂತಮೂರ್ತಿಯವರ ‘ಮೌನಿ’ಯಲ್ಲಿ ಅಡಿಕೆ ಬೆಳೆಗಾರ ಕುಪ್ಪಣ್ಣಭಟ್ಟರು ಸಾಲಕ್ಕೆ ಸಿಕ್ಕಿ ಕುಸಿಯುತ್ತಾರೆ, ಮಾತನ್ನು ಒಳಗೇ ಹೂತುಕೊಳ್ಳುತ್ತಾರೆ. ತುಂಬಿದ ಮನೆಯ ನಡುವಿನ ಈ ಒಂಟಿತನ ಕಾಡಿನ ನಡುವಿನದಕ್ಕಿಂತ ಕ್ರೂರವಾದದ್ದು. ಕನ್ನಡ ಕಥೆ ಮೌನಕ್ಕೆ ಇಷ್ಟು ತೂಕ ಕೊಟ್ಟ ನಿದರ್ಶನಗಳು ವಿರಳ. ಇದೇ ಪೀಳಿಗೆಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದುಕೊಂಡು ಹುಟ್ಟೂರು ಹನೇಹಳ್ಳಿಗೆ ಮತ್ತೆಮತ್ತೆ ಮರಳಿದರು. ಮಹಾನಗರದ ಅನಾಥ ಭಾವ ಮತ್ತು ಉತ್ತರ ಕನ್ನಡದ ಕರಾವಳಿ ಅವರಲ್ಲಿ ಒಂದನ್ನೊಂದು ಬಿಟ್ಟಿರಲಾರವು. ‘ಕಥೆಯಾದಳು ಹುಡುಗಿ’ ಸಂಕಲನಕ್ಕೆ 1983ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ನಿಸರ್ಗ ಬರಿಯ ಹಿನ್ನೆಲೆಯಾಗಿ ಉಳಿಯದಂತೆ ಮಾಡಿದವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬರೆದ ಅವರು 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲೇ ನವ್ಯ ಮಾರ್ಗದಿಂದ ದೂರ ಸರಿಯುವುದಾಗಿ ಸಾರಿದರು. ಶೀರ್ಷಿಕೆ ಕಥೆಯಲ್ಲಿ ಅಂಚೆ ನೋಡಿಕೊಳ್ಳುವ ಬೋಬಣ್ಣನ ಸಂಸಾರ ಶಂಕೆಯಿಂದ ಕದಡುತ್ತದೆ. ಆ ಶಂಕೆಗೆ ಮೂಲ ಅವನ ಮನಸ್ಸಷ್ಟೇ ಅಲ್ಲ. ಪುಟ್ಟ ಊರಿನ ಕಣ್ಣು, ಬಾಯಿಗಳೂ ಹೌದು. ಮುಂದೆ ವೈದೇಹಿಯವರು ಕುಂದಾಪುರ ಸೀಮೆಯ ಹೆಂಗಸರ ಮಾತಿನಲ್ಲೇ ಕುಟುಂಬವನ್ನು ಒಳಗಿನಿಂದ ತೋರಿಸಿದರು.