ಅಮೆರಿಕವನ್ನು ಬಿಟ್ಟು ಹೊರಟವರು

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ವರ್ಷಗಳಲ್ಲಿ, ವಲಸೆಯ ವಿಷಯ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳುತ್ತಿದ್ದುದುಂಟು: "ಸಾರ್, ಎಲ್ಲರೂ ಅಮೆರಿಕಕ್ಕೆ ಹೋಗುತ್ತಾರಲ್ಲ, ಅಮೆರಿಕದವರು ಎಲ್ಲಿಗೆ ಹೋಗುತ್ತಾರೆ?" ತರಗತಿಯೆಲ್ಲ ನಗುತ್ತಿತ್ತು. ಆದರೆ ಅದು ನಕ್ಕು ಬಿಡುವಂಥ ಪ್ರಶ್ನೆಯಲ್ಲ. ನಲವತ್ತು ನಿಮಿಷಗಳ ಅವಧಿಯಲ್ಲಿ ಹೇಳಿ ಮುಗಿಸಲಾಗದ ಉತ್ತರವನ್ನು ಈಗ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಆ ದೇಶ ಹುಟ್ಟಿದಂದಿನಿಂದಲೂ ಅಲ್ಲಿಂದ ಹೊರಟವರಿದ್ದಾರೆ. 1783ರಲ್ಲಿ ಸ್ವಾತಂತ್ರ್ಯಯುದ್ಧ ಮುಗಿದಾಗ, ಬ್ರಿಟಿಷ್ ದೊರೆಗೆ ನಿಷ್ಠರಾಗಿದ್ದ ಸಾವಿರಾರು ಮಂದಿ ಕೆನಡಾಕ್ಕೆ ಹೋದರು. 1865ರಲ್ಲಿ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಬಿಳಿಯರಲ್ಲಿ ಕೆಲವರು, ಗುಲಾಮಗಿರಿ ಇನ್ನೂ ಉಳಿದಿದ್ದ ಬ್ರೆಜಿಲ್ ದೇಶಕ್ಕೆ ಹೋಗಿ ನೆಲೆಸಿದರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲೊಪ್ಪದ ಸಾವಿರಾರು ತರುಣರು ಕೆನಡಾದ ಗಡಿ ದಾಟಿದರು. 1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕ್ಷಮಾದಾನ ಘೋಷಿಸಿದ ಮೇಲೂ ಅವರಲ್ಲಿ ಅನೇಕರು ಹಿಂದಿರುಗಲಿಲ್ಲ. ಉದ್ಯೋಗಕ್ಕಾಗಿ, ಮದುವೆಯಾಗಿ, ನಿವೃತ್ತಿಯ ನಂತರ ಕಡಿಮೆ ಖರ್ಚಿನಲ್ಲಿ ಬದುಕಬೇಕೆಂದು ಇಂದಿಗೂ ಹೊರಡುವವರಿದ್ದಾರೆ. ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಕಾಡಿದವರು, ಸ್ವಂತ ನೆಲದಲ್ಲಿ ಮನುಷ್ಯರಂತೆ ಬದುಕಲಾಗದೆ ಪ್ಯಾರಿಸ್ ನಗರಕ್ಕೆ ಹೋದ ಕಪ್ಪು ಅಮೆರಿಕನ್ನರು.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಅಂತ್ಯವಾಯಿತು. ಆದರೆ 1896ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ "ಬೇರೆ ಬೇರೆ, ಆದರೆ ಸಮಾನ" ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ದಕ್ಷಿಣದ ರಾಜ್ಯಗಳಲ್ಲಿ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆಯಾಯಿತು. ಬೇರೆ ಎಂಬುದು ಮಾತ್ರ ಉಳಿಯಿತು. ಸಮಾನ ಎಂಬುದು ಕಾಗದದಲ್ಲೇ ಇತ್ತು. ಗುಂಪು ಕೂಡಿ ಕೊಲ್ಲುವ ಪಾತಕಗಳಿಗೆ ಶಿಕ್ಷೆಯೇ ಆಗುತ್ತಿರಲಿಲ್ಲ.

1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ಸುಮಾರು ಎರಡು ಲಕ್ಷ ಕಪ್ಪು ಸೈನಿಕರು ಫ್ರಾನ್ಸಿಗೆ ಹೋದರು. ಹೆಚ್ಚಿನವರಿಗೆ ಸಿಕ್ಕಿದ್ದು ಮೂಟೆ ಹೊರುವ, ರಸ್ತೆ ಕಡಿಯುವ ಕೆಲಸ. ಹಾರ್ಲೆಮ್ಮಿನ 369ನೆಯ ಪದಾತಿದಳವನ್ನು ಫ್ರೆಂಚ್ ಸೇನಾಪತಿಗಳ ಕೈಕೆಳಗೆ ಬಿಟ್ಟುಕೊಡಲಾಯಿತು. ಆ ದಳ 191 ದಿನ ರಣರಂಗದಲ್ಲಿದ್ದು ಫ್ರಾನ್ಸಿನ ಶೌರ್ಯಪದಕ ಪಡೆಯಿತು. ಫ್ರೆಂಚರ ಅಂಗಡಿ, ಹೋಟೆಲು, ಮನೆಗಳಲ್ಲಿ ಆ ಸೈನಿಕರು ಎಲ್ಲರ ಜೊತೆ ಕುಳಿತರು. ಊರಿಗೆ ಮರಳಿದ 1919ರ ಬೇಸಿಗೆಯಲ್ಲೇ ಅಮೆರಿಕದ ಹಲವು ನಗರಗಳಲ್ಲಿ ಕಪ್ಪುಜನರ ಮೇಲೆ ಭೀಕರ ದಾಳಿಗಳಾದವು. ಆಗ ಫ್ರಾನ್ಸಿನ ನೆನಪು ಅವರ ಮನಸ್ಸಿನಲ್ಲಿ ಹೇಗೆ ಬೆಳಗಿರಬಹುದು, ಯೋಚಿಸಿ.

ಅವರಿಗಿಂತ ಮೊದಲೇ ಹೊರಟವನೊಬ್ಬನಿದ್ದ. ಜಾರ್ಜಿಯಾ ರಾಜ್ಯದ ಯೂಜೀನ್ ಬುಲ್ಲಾರ್ಡ್ 1912ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಹಡಗೊಂದರಲ್ಲಿ ಅಡಗಿ ಕುಳಿತು ಸ್ಕಾಟ್ಲೆಂಡಿಗೆ ಹೋದ. ಮುಷ್ಟಿಯುದ್ಧ ಮಾಡಿ ಹೊಟ್ಟೆ ಹೊರೆದು, ಕಡೆಗೆ ಫ್ರಾನ್ಸ್ ಸೇರಿ ಅಲ್ಲಿನ ಸೈನ್ಯದಲ್ಲಿ ಹೋರಾಡಿದ. ವೆರ್ಡನ್ ಕದನದಲ್ಲಿ ಗಾಯಗೊಂಡ ಮೇಲೆ 1917ರಲ್ಲಿ ಯುದ್ಧವಿಮಾನದ ಚಾಲಕನಾದ. ಅಮೆರಿಕ ಯುದ್ಧಕ್ಕೆ ಇಳಿದಾಗ ತನ್ನ ದೇಶದ ವಾಯುದಳಕ್ಕೆ ಸೇರಲು ಬಯಸಿದ, ಅವರು ತೆಗೆದುಕೊಳ್ಳಲಿಲ್ಲ. 1940ರಲ್ಲಿ ಜರ್ಮನರು ಫ್ರಾನ್ಸನ್ನು ಹಿಡಿದಾಗ ವಿಧಿಯಿಲ್ಲದೆ ನ್ಯೂಯಾರ್ಕಿಗೆ ಮರಳಿದ. 1959ರಲ್ಲಿ ಫ್ರಾನ್ಸ್ ತನ್ನ ಅತ್ಯುನ್ನತ ಗೌರವವಾದ 'ಲೀಜನ್ ಆಫ್ ಆನರ್' ನೀಡಿದಾಗ, ಈ ವೀರ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸೆಂಟರಿನಲ್ಲಿ ಲಿಫ್ಟ್ ನಡೆಸುತ್ತಿದ್ದ! 1961ರಲ್ಲಿ ತೀರಿಕೊಂಡ. ಅಮೆರಿಕದ ವಾಯುಪಡೆ ಅವನಿಗೆ ಅಧಿಕಾರಿಯ ಪದವಿ ಕೊಟ್ಟದ್ದು 1994ರಲ್ಲಿ.

ಸೇಂಟ್ ಲೂಯಿಸ್ ನಗರದ ಬಡ ಹುಡುಗಿ ಜೋಸೆಫೀನ್ ಬೇಕರ್ 1925ರಲ್ಲಿ ಹತ್ತೊಂಬತ್ತರ ಹರೆಯದಲ್ಲಿ ನರ್ತಕಿಯಾಗಿ ಪ್ಯಾರಿಸಿಗೆ ಬಂದು ಜಗತ್ಪ್ರಸಿದ್ಧಳಾದಳು. 1937ರಲ್ಲಿ ಫ್ರೆಂಚ್ ಪೌರತ್ವ ಪಡೆದಳು. ಎರಡನೆಯ ಮಹಾಯುದ್ಧದಲ್ಲಿ ಸಂಗೀತದ ಸ್ವರಲಿಪಿಯ ಹಾಳೆಗಳ ಮೇಲೆ ಕಾಣದ ಶಾಯಿಯಿಂದ ಬರೆದ ರಹಸ್ಯಗಳನ್ನು ಗಡಿ ದಾಟಿಸಿದಳು. 2021ರ ನವೆಂಬರ್ 30ರಂದು, ಫ್ರಾನ್ಸಿನ ಮಹನೀಯರ ಸ್ಮಾರಕವಾದ ಪ್ಯಾಂಥಿಯನ್ ಭವನದಲ್ಲಿ ಅವಳಿಗೆ ಸ್ಥಾನ ಸಿಕ್ಕಿತು. ಆ ಗೌರವ ಪಡೆದ ಮೊದಲ ಕಪ್ಪು ಮಹಿಳೆ ಅವಳು.

ಇಷ್ಟನ್ನೇ ಓದಿದರೆ ಪ್ಯಾರಿಸ್ ಸ್ವರ್ಗವೆನಿಸುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಾದಂಬರಿಕಾರ ಜೇಮ್ಸ್ ಬಾಲ್ಡ್‌ವಿನ್ 1948ರ ನವೆಂಬರಿನಲ್ಲಿ ನಲವತ್ತು ಚಿಲ್ಲರೆ ಡಾಲರ್ ಹಿಡಿದು ಅಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅಗ್ಗದ ಲಾಡ್ಜುಗಳಲ್ಲಿ ಕಾಲ ಕಳೆಯುತ್ತ, ಕಾಫಿ ಅಂಗಡಿಯೊಂದರ ಮಹಡಿಯಲ್ಲಿ ಕುಳಿತು ಬರೆಯುತ್ತಿದ್ದ. ಮರುವರ್ಷ ಡಿಸೆಂಬರಿನಲ್ಲಿ, ಪರಿಚಯದವನೊಬ್ಬ ಬೇರೊಂದು ಲಾಡ್ಜಿನಿಂದ ತಂದುಕೊಟ್ಟಿದ್ದ ಹಾಸಿಗೆಯ ಹೊದಿಕೆಗಾಗಿ ಪೋಲೀಸರು ಅವನನ್ನು ಹಿಡಿದರು. ಕ್ರಿಸ್ಮಸ್ ಹಬ್ಬವನ್ನು ಜೈಲಿನಲ್ಲೇ ಕಳೆದ. ಕಡೆಗೆ ಮೊಕದ್ದಮೆ ವಜಾ ಆಯಿತು. ಕಥೆ ಕೇಳಿ ನ್ಯಾಯಾಲಯದಲ್ಲಿದ್ದವರೆಲ್ಲ ನಕ್ಕರು. ಬಡವನ ಸಂಕಟ ತಮಗೆ ತಟ್ಟದು ಎಂಬ ಧೈರ್ಯವಿದ್ದವರ ಆ ನಗೆಯನ್ನು ತಾನು ಊರಿನಲ್ಲೂ ಕೇಳಿದ್ದೆನೆಂದು ಅವನಿಗೆ ಹೊಳೆಯಿತು. ಇದನ್ನು ಅವನೇ ಪ್ರಬಂಧವಾಗಿ ಬರೆದಿದ್ದಾನೆ.

ಊರಿನ ರೋಗ ಹಡಗು ಹತ್ತಿ ಬರುವುದೂ ಉಂಟು. 1920ರ ದಶಕದಲ್ಲಿ ಪ್ಯಾರಿಸಿಗೆ ಮೋಜಿಗಾಗಿ ಬಂದ ಬಿಳಿಯ ಅಮೆರಿಕನ್ನರು, ಕಪ್ಪುಜನರನ್ನು ಹೊರಗೆ ಹಾಕಿರೆಂದು ಅಲ್ಲಿನ ಹೋಟೆಲುಗಳನ್ನು ಒತ್ತಾಯಿಸಿದ ಪ್ರಸಂಗಗಳು ನಡೆದವು. 1947ರಲ್ಲಿ ಫ್ರೆಂಚ್ ಪೌರನಾದ ಕಾದಂಬರಿಕಾರ ರಿಚರ್ಡ್ ರೈಟ್ ಮೇಲೆ ಅಮೆರಿಕದ ಗುಪ್ತಚರರು ಅಲ್ಲಿಯೂ ಕಣ್ಣಿಟ್ಟಿದ್ದರು.

ಎಲ್ಲಕ್ಕಿಂತ ಕಠಿಣವಾದ ಪಾಠ ಇನ್ನೊಂದಿತ್ತು. ಆಗ ಅಲ್ಜೀರಿಯ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. ಪ್ಯಾರಿಸಿನ ಕೊಳಚೆ ಬಡಾವಣೆಗಳಲ್ಲಿ ಬದುಕುತ್ತಿದ್ದ ಅಲ್ಜೀರಿಯದ ಕೂಲಿಕಾರರನ್ನು ಪೋಲೀಸರು ಬೀದಿಯಲ್ಲಿ ತಡೆದು ಬಡಿಯುತ್ತಿದ್ದರು. 1961ರ ಅಕ್ಟೋಬರ್ 17ರ ರಾತ್ರಿ ಅವರ ಮೆರವಣಿಗೆಯ ಮೇಲೆ ಪೋಲೀಸರು ಎರಗಿದರು. ಅನೇಕರನ್ನು ಕೊಂದು ಸೀನ್ ನದಿಗೆ ಎಸೆದರು. ಪ್ಯಾರಿಸಿನಲ್ಲಿ ನೆಲೆಸಿದ್ದ ಕಪ್ಪು ಅಮೆರಿಕನ್ ಲೇಖಕ ವಿಲಿಯಂ ಗಾರ್ಡ್‌ನರ್ ಸ್ಮಿತ್ 1963ರಲ್ಲೇ ಇದನ್ನು ಕಾದಂಬರಿಯಲ್ಲಿ ತಂದ. ಅಮೆರಿಕದಲ್ಲಿ ತನಗೆ ಯಾವ ಸ್ಥಾನವಿತ್ತೋ ಅದೇ ಸ್ಥಾನ ಇಲ್ಲಿ ಅಲ್ಜೀರಿಯದವರಿಗಿದೆ ಎಂದು ಅದರ ನಾಯಕನಿಗೆ ಅರಿವಾಗುತ್ತದೆ. ಆ ಪುಸ್ತಕ ಫ್ರೆಂಚ್ ಭಾಷೆಗೆ ಬಂದದ್ದು 2021ರಲ್ಲಿ!

ಫ್ರಾನ್ಸ್ ಕಪ್ಪು ಅಮೆರಿಕನ್ನನಿಗೆ ಕುರ್ಚಿ ಹಾಕಿದ್ದು ಸುಳ್ಳಲ್ಲ. ಅವನು ಅತಿಥಿ, ಅತಿಥಿಗೆ ಹಕ್ಕು ಕೇಳುವ ಪ್ರಸಂಗ ಬರುವುದಿಲ್ಲ. ಒಂದು ದೇಶದ ಯೋಗ್ಯತೆಯನ್ನು ತಿಳಿಯಬೇಕಾದರೆ ಅದು ತಾನು ಆಳಿದವರನ್ನು, ತನ್ನ ಕಸ ಗುಡಿಸುವವರನ್ನು ಹೇಗೆ ಕಾಣುತ್ತದೆಂದು ನೋಡಬೇಕು. ಇದನ್ನು ಕಂಡುಕೊಂಡವರಿಗೆ ಪರದೇಶದ ಕುರ್ಚಿಯಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಬಾಲ್ಡ್‌ವಿನ್ 1957ರಲ್ಲಿ ಅಮೆರಿಕಕ್ಕೆ ಮರಳಿ, ಹೋರಾಟ ನಡೆಯುತ್ತಿದ್ದ ದಕ್ಷಿಣದ ರಾಜ್ಯಗಳಲ್ಲಿ ತಿರುಗಾಡಿ ಬರೆದ. ಬೇಕರ್ 1963ರ ಆಗಸ್ಟ್ 28ರಂದು ಫ್ರೆಂಚ್ ಸಮವಸ್ತ್ರ ಧರಿಸಿ, ಪದಕಗಳನ್ನು ತೊಟ್ಟು, ವಾಷಿಂಗ್ಟನ್ನಿನ ಮಹಾಸಭೆಯಲ್ಲಿ ಮಾತನಾಡಿದಳು.

ಇದನ್ನೆಲ್ಲ ಬರೆಯಲು ಕಾರಣವಾದದ್ದು ಒಂದು ಪತ್ರ. ನನ್ನ ವಿದ್ಯಾರ್ಥಿಯೊಬ್ಬ ಈಗ ಅಮೆರಿಕದಲ್ಲಿ ಇಂಜಿನಿಯರ್. ಊರ ಹೊರಗಿನ ಕೇರಿಯಿಂದ ಬರಿಗಾಲಿನಲ್ಲಿ ಶಾಲೆಗೆ ಬರುತ್ತಿದ್ದವನು. "ಸಾರ್, ಇಲ್ಲಿ ಯಾರೂ ನನ್ನ ಜಾತಿ ಕೇಳುವುದಿಲ್ಲ. ಕೇಳುವವರು ನಮ್ಮವರೇ. ಹಬ್ಬದ ಊಟಕ್ಕೆ ಕರೆದು, ನಿಮ್ಮದು ಯಾವ ಪೈಕಿ ಅನ್ನುತ್ತಾರೆ" ಎಂದು ಬರೆದಿದ್ದ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿಭೇದವನ್ನು ಕಾನೂನಿನಿಂದ ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಆ ಕಾನೂನು ಯಾರಿಂದಾಗಿ ಬೇಕಾಯಿತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಡಾ. ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ಕಪ್ಪುಜನರು ತೊರೆದು ಹೋಗುತ್ತಿದ್ದ ಅದೇ ಅಮೆರಿಕದಲ್ಲಿ, ತಾವು ಅಸ್ಪೃಶ್ಯರೆಂಬ ಅರಿವೇ ಅವರಿಂದ ಅಳಿಸಿಹೋಗಿತ್ತು. 1917ರಲ್ಲಿ ನೌಕರಿಗಾಗಿ ಬರೋಡಕ್ಕೆ ಬಂದಾಗ, ತಂಗಲು ಜಾಗ ಸಿಗದೆ ಆ ಅರಿವು ಮತ್ತೆ ಎದುರು ನಿಂತಿತು. 1946ರಲ್ಲಿ ಅವರು ಕಪ್ಪುಜನರ ನಾಯಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ನಿಮ್ಮವರ ಮತ್ತು ನಮ್ಮವರ ಸ್ಥಿತಿಗೆ ಬಹಳ ಹೋಲಿಕೆಯಿದೆ ಎಂದರು.

ಆ ವಿದ್ಯಾರ್ಥಿಗೆ ನಾನು ಬರೆದ ಉತ್ತರವೇ ಪರದೇಶದಲ್ಲಿರುವ ನಿಮ್ಮೆಲ್ಲರಿಗೂ ಸಲ್ಲುತ್ತದೆ. ಅಲ್ಲಿ ತಲೆಯೆತ್ತಿ ನಡೆಯುತ್ತಿದ್ದೀರಿ, ಬಹಳ ಸಂತೋಷ. ಆ ದೇಶದಲ್ಲಿ ಇನ್ನೂ ತಲೆ ತಗ್ಗಿಸಿ ನಡೆಯುತ್ತಿರುವವರು ಯಾರೆಂದು ಗಮನಿಸಿ. ರಜೆಯಲ್ಲಿ ಊರಿಗೆ ಬಂದಾಗ ಆ ಕೇರಿಯ ಮನೆಗೂ ಹೋಗಿ, ಒಂದು ಲೋಟ ಕಾಫಿ ಕೇಳಿ ಕುಡಿದು ಬನ್ನಿ.