ಧ್ವನಿಮುದ್ರಕನ ಕೂಲಿ

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತರುಣನು ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದು, ತಗಡಿನ ಕಹಳೆಯೊಂದರ ಮುಂದೆ ಗೌಹರ್ ಜಾನಳನ್ನು ನಿಲ್ಲಿಸಿ, ಆಕೆಯ ಕಂಠವನ್ನು ಮೇಣದ ತಟ್ಟೆಯ ಮೇಲೆ ಇಳಿಸಿಕೊಂಡನು. ಮುಂದೆ ಮೈಸೂರು ಅರಸರ ಆಶ್ರಯವನ್ನು ಪಡೆದು 1930ರಲ್ಲಿ ಆ ನಗರದಲ್ಲಿಯೇ ತೀರಿಕೊಂಡ ಆ ಮಹಾಗಾಯಕಿಯ ಹೆಸರನ್ನು ಸಂಗೀತಪ್ರಿಯರೆಲ್ಲರೂ ಬಲ್ಲರು. ಕಹಳೆಯ ಹಿಂದೆ ನಿಂತಿದ್ದವನ ಹೆಸರನ್ನು ಬಲ್ಲವರು ವಿರಳ. ಧ್ವನಿಮುದ್ರಕನ ವೃತ್ತಿಯ ಆದಿಸ್ವರೂಪವೇ ಅದು: ಹಾಡುವವರು ಹಾಡಬೇಕು, ಅವನು ಕಿವಿಗೊಟ್ಟು, ಯಂತ್ರವನ್ನು ಸಜ್ಜುಗೊಳಿಸಿ, ಕೇಳಿದ್ದನ್ನು ಕೆಡದಂತೆ ಉಳಿಸಿಕೊಡಬೇಕು.

1925ರ ಸುಮಾರಿಗೆ ಕಹಳೆಯ ಸ್ಥಾನಕ್ಕೆ ಮೈಕ್ರೊಫೋನು ಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಜರ್ಮನಿಯಲ್ಲಿ ರೂಪುಗೊಂಡಿದ್ದ ಕಾಂತೀಯ ಟೇಪು ಲೋಕಕ್ಕೆಲ್ಲ ಹಬ್ಬಿತು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಯಂತ್ರಜ್ಞರು ಪ್ರಯೋಗಶಾಲೆಯ ವಿಜ್ಞಾನಿಗಳಂತೆ ಬಿಳಿಯ ನಿಲುವಂಗಿಯನ್ನು ತೊಟ್ಟು ಕೆಲಸ ಮಾಡುತ್ತಿದ್ದ ಕಾಲವದು. ಆದರೆ ಟೇಪಿನ ಮೇಲೆ ನಾಲ್ಕು, ಎಂಟು, ಇಪ್ಪತ್ನಾಲ್ಕು ಪಥಗಳು ಏರ್ಪಟ್ಟು, ಒಂದೊಂದು ವಾದ್ಯವನ್ನೂ ಬೇರೆಬೇರೆಯಾಗಿ ಮುದ್ರಿಸಿ ಬಳಿಕ ಬೆರೆಸುವ ಸೌಕರ್ಯ ಒದಗಿದಂತೆಲ್ಲ, ಪ್ರೊಡ್ಯೂಸರನು ರಾಕ್ ಸಂಗೀತದಲ್ಲಿ ಪ್ರಬಲನಾಗಿ, ಹಾಡಿನ ಸ್ವರೂಪವನ್ನು ತಾನೇ ತಿದ್ದುವ ಅಧಿಕಾರವನ್ನೂ, ಮಾರಾಟವಾದ ಒಂದೊಂದು ಪ್ರತಿಯಿಂದಲೂ ರಾಯಲ್ಟಿಯ ಪಾಲನ್ನು ಪಡೆಯುವ ಹಕ್ಕನ್ನೂ ಸಂಪಾದಿಸಿಕೊಂಡನು. ಈ ಅಧಿಕಾರ ಮತ್ತು ಈ ಪಾಲು ಎರಡನ್ನೂ ನಿರಾಕರಿಸಿ, ವೃತ್ತಿಯನ್ನು ಅದರ ಮೊದಲಿನ ವಿನಯಕ್ಕೆ ಹಿಂದಿರುಗಿಸಲು ಜೀವಮಾನವಿಡೀ ದುಡಿದವನು ಚಿಕಾಗೋ ನಗರದ ಸ್ಟೀವ್ ಆಲ್ಬಿನಿ.

ಆಲ್ಬಿನಿಯು 1962ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಜನಿಸಿ, ಮೊಂಟಾನಾ ಪ್ರಾಂತ್ಯದ ಮಿಸೌಲಾ ಎಂಬ ಊರಿನಲ್ಲಿ ಬೆಳೆದನು. ತಂದೆ ಕಾಡ್ಗಿಚ್ಚಿನ ಗತಿಯನ್ನು ಗಣಿತದಿಂದ ಅಳೆಯುತ್ತಿದ್ದ ವಿಜ್ಞಾನಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮವನ್ನು ವ್ಯಾಸಂಗ ಮಾಡಲೆಂದು ಚಿಕಾಗೋ ಪ್ರಾಂತಕ್ಕೆ ಬಂದ ಈ ಕೃಶಕಾಯದ ತರುಣನು 1981ರಲ್ಲಿ ‘ಬಿಗ್ ಬ್ಲ್ಯಾಕ್’ ಎಂಬ ತಂಡವನ್ನು ಕಟ್ಟಿದನು. ಕಟ್ಟಿದನೆಂದರೂ ಆರಂಭದಲ್ಲಿ ಅದರಲ್ಲಿದ್ದವನು ಅವನೊಬ್ಬನೇ. ತಾಳಕ್ಕೆ ರೋಲ್ಯಾಂಡ್ ಕಂಪನಿಯ ಯಂತ್ರವೊಂದಿದ್ದು, ಅದನ್ನೇ ತಂಡದ ಸದಸ್ಯನೆಂಬಂತೆ ತಟ್ಟೆಯ ಹೊದಿಕೆಯ ಮೇಲೆ ಹೆಸರಿಸಿದನು. ಹಗಲು ಛಾಯಾಚಿತ್ರಗಳನ್ನು ತಿದ್ದುವ ಉದ್ಯೋಗದಿಂದ ಅನ್ನ ಹುಟ್ಟುತ್ತಿತ್ತು. ಉಳಿದ ಹೊತ್ತೆಲ್ಲ ಸಂಗೀತಕ್ಕೆ ಮೀಸಲು. ದೊಡ್ಡ ಕಂಪನಿಗಳ ನೆರಳು ಬೀಳದ, ತಂಡಗಳೇ ಪರಸ್ಪರ ಊರುಗಳಲ್ಲಿ ಕಛೇರಿಗಳನ್ನು ಏರ್ಪಡಿಸಿಕೊಂಡು ಒಬ್ಬರ ಮನೆಯಲ್ಲಿ ಮತ್ತೊಬ್ಬರು ಮಲಗಿ ಏಳುತ್ತಿದ್ದ ಸ್ವತಂತ್ರ ರಾಕ್‌ನ ಕಾಲವದು. ಚಿಕಾಗೋದ ‘ಟಚ್ ಅಂಡ್ ಗೋ’ ಎಂಬ ಪುಟ್ಟ ಸಂಸ್ಥೆಯು ಕರಾರುಪತ್ರದ ಗೋಜಿಲ್ಲದೆ ಬರಿಯ ಕೈಕುಲುಕಿನ ಭರವಸೆಯ ಮೇಲೆ ಲಾಭವನ್ನು ತಂಡದೊಡನೆ ಸಮಪಾಲಾಗಿ ಹಂಚಿಕೊಳ್ಳುತ್ತಿದ್ದಿತು. ಮಾತು ಕೊಟ್ಟಂತೆ ನಡೆದುಕೊಂಡು ವ್ಯವಹಾರವನ್ನು ಸಾಗಿಸಬಹುದೆಂಬುದು ಆಲ್ಬಿನಿಗೆ ಅನುಭವದಿಂದ ತಿಳಿದದ್ದು ಅಲ್ಲಿ.

ತನ್ನ ತಂಡದ ಹಾಡುಗಳನ್ನು ತಾನೇ ಮುದ್ರಿಸಿಕೊಳ್ಳಬೇಕಾದ ಅನಿವಾರ್ಯತೆಯಿಂದ ಕಲಿತ ವಿದ್ಯೆ ಕ್ರಮೇಣ ಪರರ ಸೇವೆಗೆ ಒದಗಿತು. 1988ರಲ್ಲಿ ‘ಪಿಕ್ಸೀಸ್’ ತಂಡದ ‘ಸರ್ಫರ್ ರೋಸಾ’, 1990ರಲ್ಲಿ ‘ದಿ ಬ್ರೀಡರ್ಸ್’ ತಂಡದ ‘ಪಾಡ್’, 1993ರಲ್ಲಿ ಪಿ. ಜೆ. ಹಾರ್ವೆಯ ‘ರಿಡ್ ಆಫ್ ಮಿ’ ಇವು ಆತನ ಕೈಯಿಂದ ಹೊರಬಂದು ಆ ತಲೆಮಾರಿನ ಶ್ರವಣಾಭಿರುಚಿಯನ್ನೇ ಬದಲಿಸಿದವು. ಆತನ ವಿಧಾನದಲ್ಲಿ ಗೂಢವಾದದ್ದೇನೂ ಇರಲಿಲ್ಲ. ವಾದಕರೆಲ್ಲರೂ ಸಾಧ್ಯವಾದಷ್ಟು ಒಟ್ಟಿಗೆ ಕೂಡಿ ನುಡಿಸಬೇಕು. ಡ್ರಮ್ಮಿನ ಹತ್ತಿರದ ಮೈಕ್ರೊಫೋನುಗಳ ಜೊತೆಗೆ ದೂರದಲ್ಲಿ, ನೆಲಕ್ಕೆ ತಾಗಿದಂತೆ, ಬೇರೆ ಮೈಕ್ರೊಫೋನುಗಳನ್ನು ಇರಿಸಿ, ಕೊಠಡಿಯೇ ಪ್ರತಿನುಡಿಯುವ ನಾದವನ್ನು ಹಿಡಿಯಬೇಕು. ಆ ದೂರದ ಧ್ವನಿಯನ್ನು ಕ್ಷಣದ ಅತ್ಯಲ್ಪ ಅಂಶದಷ್ಟು ತಡಮಾಡಿ ಬೆರೆಸಿದರೆ, ಕಣ್ಣುಮುಚ್ಚಿ ಕೇಳುವವನಿಗೆ ಕೊಠಡಿಯ ವಿಸ್ತಾರವೂ ಗೋಡೆಗಳ ಅಂತರವೂ ಗೋಚರವಾಗುತ್ತವೆ. ಹಾಡು ಹೀಗಿರಬೇಕೆಂದು ಆತನು ಆಜ್ಞಾಪಿಸುತ್ತಿರಲಿಲ್ಲ. ತಂಡವು ತನ್ನನ್ನು ತಾನು ಹೇಗೆ ಕೇಳಿಸಿಕೊಳ್ಳಬಯಸುವುದೋ ಹಾಗೆ ಕೇಳಿಸುವುದೇ ತನ್ನ ಧರ್ಮವೆಂದು ತಿಳಿದಿದ್ದನು. ಆದುದರಿಂದಲೇ ಪ್ರೊಡ್ಯೂಸರ್ ಎಂಬ ಬಿರುದನ್ನು ಒಲ್ಲದೆ, ಹೆಸರು ಹಾಕಲೇಬೇಕಾದರೆ ‘ಮುದ್ರಿಸಿದವನು’ ಎಂದಷ್ಟೇ ನಮೂದಿಸಿದರೆ ಸಾಕೆನ್ನುತ್ತಿದ್ದನು.

1993ನೆಯ ವರ್ಷವು ಈ ನಿಷ್ಠೆಯ ಪರೀಕ್ಷಾಕಾಲವಾಯಿತು. ಆ ವರ್ಷ ‘ದಿ ಬ್ಯಾಫ್ಲರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಗೀತೋದ್ಯಮದ ಸಮಸ್ಯೆಯನ್ನು ಕುರಿತ ಲೇಖನದಲ್ಲಿ ಆಲ್ಬಿನಿಯು ನಾಲ್ವರು ಸದಸ್ಯರ ಕಲ್ಪಿತ ತಂಡವೊಂದನ್ನು ಮುಂದಿರಿಸಿ, ಎರಡೂವರೆ ಲಕ್ಷ ಡಾಲರಿನ ಮುಂಗಡವನ್ನು ಪಡೆದು ಎರಡೂವರೆ ಲಕ್ಷ ಪ್ರತಿಗಳನ್ನು ಮಾರಿದ ಬಳಿಕವೂ ಅವರ ಗತಿ ಏನಾಗುವುದೆಂಬುದನ್ನು ಲೆಕ್ಕದ ಪುಸ್ತಕದಂತೆ ಬಿಡಿಸಿಟ್ಟನು. ಕಂಪನಿಗೆ 7,10,000 ಡಾಲರು, ಪ್ರೊಡ್ಯೂಸರನಿಗೆ 90,000 ಡಾಲರು. ಹಾಡಿ ನುಡಿಸಿದ ಒಬ್ಬೊಬ್ಬನಿಗೂ ಉಳಿದದ್ದು 4,031 ಡಾಲರು 25 ಸೆಂಟು. ಅದರ ಮೇಲೆ ರಾಯಲ್ಟಿಯ ಬಾಬ್ತಿನಲ್ಲಿ ತಂಡವೇ ಕಂಪನಿಗೆ 14,000 ಡಾಲರು ಸಾಲಗಾರ!

ಅದೇ ವರ್ಷದ ಫೆಬ್ರವರಿಯಲ್ಲಿ, ಆಗ ಕೀರ್ತಿಯ ಶಿಖರದಲ್ಲಿದ್ದ ‘ನಿರ್ವಾಣ’ ತಂಡದವರು ಮಿನಿಸೋಟಾದ ಕ್ಯಾನನ್ ಫಾಲ್ಸ್ ಸಮೀಪದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ‘ಇನ್ ಯೂಟೆರೊ’ ಸಂಪುಟವನ್ನು ಮುದ್ರಿಸಲು ಆತನನ್ನು ಕರೆಸಿಕೊಂಡರು. ಅದಕ್ಕೆ ಮುನ್ನ ಆತನು ಅವರಿಗೆ ಬರೆದ ಪತ್ರ ಈ ವೃತ್ತಿಯ ಇತಿಹಾಸದಲ್ಲಿ ಶಾಸನದಂತೆ ಉಳಿಯತಕ್ಕದ್ದು. ನಲ್ಲಿ ರಿಪೇರಿಯವನಿಗೆ ಕೊಡುವಂತೆ ಮಾಡಿದ ಕೆಲಸಕ್ಕೆ ತಕ್ಕ ಕೂಲಿಯನ್ನು ಒಮ್ಮೆಗೇ ಕೊಟ್ಟರೆ ಸಾಕೆಂದೂ, ಮೂವತ್ತು ಲಕ್ಷ ಪ್ರತಿಗಳು ಮಾರಾಟವಾದರೆ ರಾಯಲ್ಟಿಯೆಂದು ತನಗೆ ಸುಮಾರು ನಾಲ್ಕು ಲಕ್ಷ ಡಾಲರು ಸಲ್ಲಬಹುದಾದರೂ ಅಂಥ ಹಣವನ್ನು ಪಡೆದು ತಾನು ನಿದ್ರಿಸಲಾರೆನೆಂದೂ ಅದರಲ್ಲಿ ತಿಳಿಸಿದ್ದನು. ಒಂದು ಲಕ್ಷ ಡಾಲರಿನ ನಿಶ್ಚಿತ ಸಂಭಾವನೆಗೆ, ಎರಡೇ ವಾರಗಳಲ್ಲಿ, ಕೆಲಸ ಮುಗಿಯಿತು. ಆ ಒರಟು ನಾದ ಕಂಪನಿಯವರಿಗೆ ರುಚಿಸದೆ, ಎರಡು ಹಾಡುಗಳನ್ನು ಬೇರೊಬ್ಬನಿಂದ ಮತ್ತೆ ಬೆರೆಸಿಸಿದರು. ಆದರೂ ಸಂಪುಟವು ಅಮೆರಿಕೆಯ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬಳಿಕ ಕೆಲಕಾಲ ದೊಡ್ಡ ಕಂಪನಿಗಳಿಂದ ಕೆಲಸ ಬರುವುದು ವಿರಳವಾದಾಗಲೂ ಆತನು ತನ್ನ ನಿಯಮವನ್ನು ಸಡಿಲಿಸಲಿಲ್ಲ.

1997ರಲ್ಲಿ ಚಿಕಾಗೋದ ಬೆಲ್ಮಾಂಟ್ ಅವೆನ್ಯೂದಲ್ಲಿ ಆತನು ತೆರೆದ ‘ಎಲೆಕ್ಟ್ರಿಕಲ್ ಆಡಿಯೊ’ ಈ ನಿಯಮಕ್ಕೆ ಕಟ್ಟಿದ ಮನೆ. ಧ್ವನಿಯನ್ನು ಚೆನ್ನಾಗಿ ತಡೆಯುತ್ತದೆಂದು ನ್ಯೂ ಮೆಕ್ಸಿಕೋದಿಂದ ಹಸಿ ಮಣ್ಣಿನ ಇಟ್ಟಿಗೆಗಳನ್ನು ತರಿಸಿ ಗೋಡೆಗಳನ್ನು ಎಬ್ಬಿಸಿದನು. ಅಲ್ಲಿ ಆತನು ತೊಡುತ್ತಿದ್ದುದು ಕಾರ್ಖಾನೆಯ ಕೆಲಸಗಾರರ ಇಡಿಯುಡುಪು. ದಿನಕ್ಕಿಷ್ಟು ಎಂಬ ದರ ಬಹಿರಂಗ. ಬಡ ತಂಡಗಳಿಗೆ ರಿಯಾಯಿತಿ. ಹೆಸರಿಲ್ಲದವರು ಬಂದರೂ ಅದೇ ಶ್ರದ್ಧೆ. ಲೆಡ್ ಜೆಪ್ಪೆಲಿನ್ ಖ್ಯಾತಿಯ ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ತಮ್ಮ 1998ರ ಸಂಪುಟವನ್ನು ಇವನಿಂದಲೇ ಮುದ್ರಿಸಿಕೊಂಡರೂ, ಆತನ ಹೆಚ್ಚಿನ ದಿನಗಳು ಸಂದದ್ದು ಲೋಕ ಎಂದೂ ಕೇಳಿರದ ತಂಡಗಳೊಡನೆ. ಕಂಪ್ಯೂಟರು ಸರ್ವತ್ರ ವ್ಯಾಪಿಸಿದ ಮೇಲೂ ಟೇಪನ್ನು ಬಿಡದಿದ್ದುದಕ್ಕೆ ಆತನು ಕೊಡುತ್ತಿದ್ದ ಕಾರಣ ವಿಚಾರಾರ್ಹವಾದುದು: ಯಾವುದೋ ಕಂಪನಿಯ ಸಾಫ್ಟ್‌ವೇರಿಗೆ ಕಟ್ಟುಬಿದ್ದ ಧ್ವನಿಯು ಆ ಸಾಫ್ಟ್‌ವೇರು ಕಣ್ಮರೆಯಾದಾಗ ಮೂಕವಾಗುವುದು, ಟೇಪನ್ನಾದರೋ ಮುಂದಿನ ತಲೆಮಾರುಗಳೂ ನುಡಿಸಿಕೊಳ್ಳಬಹುದು.

ತನ್ನ ಸಂಗೀತವನ್ನೂ ಆತನು ತೊರೆಯಲಿಲ್ಲ. 1992ರಲ್ಲಿ ಬಾಬ್ ವೆಸ್ಟನ್ ಮತ್ತು ಟಾಡ್ ಟ್ರೇನರ್ ಅವರೊಡನೆ ಕಟ್ಟಿದ ‘ಶೆಲ್ಯಾಕ್’ ತಂಡವು ಕೊನೆಯವರೆಗೂ ನಡೆಯಿತು. ಇಸ್ಪೀಟಿನ ಪೋಕರ್ ಆಟದಲ್ಲಿಯೂ ನಿಪುಣನಾಗಿದ್ದು, 2018ರಲ್ಲಿಯೂ 2022ರಲ್ಲಿಯೂ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಕಡಗವನ್ನು ಗೆದ್ದನು. ಆತನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಯೌವನದಲ್ಲಿ ಆತನ ಲೇಖನಿಯೂ ನಾಲಗೆಯೂ ನಿರ್ದಯವಾಗಿದ್ದವು. ಎಂಬತ್ತರ ದಶಕದ ಕೊನೆಯಲ್ಲಿ ತನ್ನ ತಂಡವೊಂದಕ್ಕೆ ಆತನು ಇಟ್ಟ ಹೆಸರು ಸ್ತ್ರೀಯರಿಗೆ ಘೋರ ಅವಮಾನವನ್ನುಂಟುಮಾಡುವಂಥದು. ಇತರರು ಮರೆತಿದ್ದರೂ ತಾನು ಮರೆಯದೆ, ಅದು ಅಕ್ಷಮ್ಯವೆಂದು ಉತ್ತರವಯಸ್ಸಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡನು. ಈ ಒಪ್ಪಿಗೆಯೂ ಆತನ ಪ್ರಾಮಾಣಿಕತೆಯ ಒಂದು ಅಂಗವೇ ಆಗಿದೆ.

2024ರ ಮೇ 7ರಂದು ಹೃದಯಾಘಾತದಿಂದ, 61ನೆಯ ವಯಸ್ಸಿನಲ್ಲಿ, ಆಲ್ಬಿನಿಯು ತೀರಿಕೊಂಡನು. ಹತ್ತು ದಿನಗಳ ಅನಂತರ ಶೆಲ್ಯಾಕ್ ತಂಡದ ಕಡೆಯ ಸಂಪುಟ ಹೊರಬಂದಿತು. ಆತನು ಮುದ್ರಿಸಿದ ಸಂಪುಟಗಳು ಸಾವಿರಕ್ಕೂ ಮಿಕ್ಕಿದವು, ಅವುಗಳ ಮೇಲೆ ಆತನಿಗೆ ಹಕ್ಕೆಂಬುದು ಕಿಂಚಿತ್ತೂ ಇಲ್ಲ. ಅದು ತ್ಯಾಗವೆಂದು ಕೆಲವರು ಕೊಂಡಾಡುತ್ತಾರೆ. ನನಗಾದರೋ ಅದು ಶುದ್ಧವಾದ ನ್ಯಾಯವೆಂದೇ ತೋರುತ್ತದೆ. ಹಾಡನ್ನು ಹುಟ್ಟಿಸಿದವರದು ಹಾಡು. ಅದನ್ನು ಉಳಿಸಿಕೊಟ್ಟವನದು ಆ ದಿನದ ದುಡಿಮೆಯ ಬೆಲೆ. ಈ ಮೇರೆಯನ್ನು ಅರಿತು ನಡೆದವನು ದೊಡ್ಡ ಉದ್ಯಮವೊಂದರ ನಡುವೆ, ಯಾರ ಋಣಕ್ಕೂ ಬೀಳದೆ ನಾಲ್ಕು ದಶಕಗಳ ಕಾಲ ಬಾಳಿ ತೋರಿಸಿದನೆಂಬುದು, ಕಲೆಯ ಸುತ್ತ ದುಡಿಯುವ ಎಲ್ಲರೂ, ಮುದ್ರಕರೂ ಪ್ರಕಾಶಕರೂ ಸಂಪಾದಕರೂ, ತಮ್ಮ ಪಾಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿಕೊಳ್ಳುವುದಕ್ಕೆ ಸಾಕಾದ ಕಾರಣವಾಗಿದೆ.